ಗುಜರಿಗೆ ಹೋಗದ ಸಿಲಿಂಡರ್‌ಗಳು

ಗೋಡೌನಿನ ಆ ಆಫೀಸು ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಸೂಪರ್‌ವೈಸರ್ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ತಕ್ಕಡಿಯಮ್ಮ ಬೆಳಿಗ್ಗೆ ಒಂಬತ್ತರಿಂದ ನಿಂತೇ ಇದ್ದಳು.

ಇನ್ನೊಂದು ಕುರ್ಚಿ ಇರಲಿಲ್ಲವೆಂದಲ್ಲ. ಅವಳು ಗೇಟು ದಾಟುವುದನ್ನು ಕಂಡೊಡನೆ ಅದನ್ನು ಹೊರಗೆ ಸಾಗಿಸಿದ್ದರು. ಈಗ ಲೋಡರ್ ಒಬ್ಬ ಅದರ ಮೇಲೆ ಕೂತು, ಅವಳಿಗೆ ಕಾಣುವಂತೆಯೇ ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದ. ಹೊರಗೆ ನಿಲ್ಲಿಸಿದ್ದ ಅವಳ ಸ್ಕೂಟರಿನ ಎರಡೂ ಚಕ್ರಗಳ ಗಾಳಿ ಹೋಗಿ ಆಗಲೇ ಒಂದು ಗಂಟೆಯಾಗಿತ್ತು.

"ಇನ್ನೂ ಎಷ್ಟು ಹೊತ್ತು ಮೇಡಂ?" ಎಂದ ಸೂಪರ್‌ವೈಸರ್. "ನಮಗೆ ಮಾಡೋಕೆ ಕೆಲಸ ಇದೆ. ನಿಮ್ಮ ಹಾಗೆ ಸತ್ತೋರ ಹೆಸರು ಹೇಳ್ಕೊಂಡು ಓಡಾಡೋ ಉದ್ಯೋಗ ಅಲ್ಲ ನಮ್ದು."

"ಸತ್ತವರು ನಿಮ್ಮ ಅಣ್ಣ," ಎಂದಳು ಅವಳು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಹತ್ತು ದಿನಗಳ ಹಿಂದೆ ಒಂದು ಬೇಕರಿಯ ಕೋಲ್ಡ್ ರೂಮಿನಲ್ಲಿ ಸಿಲಿಂಡರ್ ಸಿಡಿದು ಸತ್ತ ಮೆಕ್ಯಾನಿಕ್ ಈ ಸೂಪರ್‌ವೈಸರನ ಒಡಹುಟ್ಟಿದ ಅಣ್ಣ. ಆ ಸಿಲಿಂಡರಿನಲ್ಲಿ ಇದ್ದದ್ದು ತಂಪು ಮಾಡುವ ಗ್ಯಾಸ್ ಅಲ್ಲ, ಕಿಡಿ ತಾಗಿದರೆ ಹತ್ತಿಕೊಳ್ಳುವ ಯಾವುದೋ ಅಗ್ಗದ ಗ್ಯಾಸ್. ಪೈಪಿಗೆ ಬೆಸುಗೆ ಹಾಕಲು ಅವನು ಬೆಂಕಿಯ ಟಾರ್ಚ್ ಹಚ್ಚಿದ್ದೇ ತಡ, ಎಲ್ಲ ಮುಗಿದಿತ್ತು.

ಅಣ್ಣ ತಮ್ಮ ಇಬ್ಬರೂ ಕೆಲಸಕ್ಕಿದ್ದ ಈ ಫ್ರಿಜ್ ದುರಸ್ತಿ ಕಂಪನಿಯವರು ಕೈ ತೊಳೆದುಕೊಂಡುಬಿಟ್ಟರು. ಸಿಲಿಂಡರ್ ನಮ್ಮದಲ್ಲ, ಅವನೇ ಗುಜರಿಯಿಂದ ಕದ್ದು, ಹೊರಗೆ ಎಲ್ಲೋ ತುಂಬಿಸಿ ಮಾರುತ್ತಿದ್ದ ಎಂದರು. ಹಾಗೆಂದು ಮೊದಲು ಬರೆದುಕೊಟ್ಟವನು ಬೇರೆ ಯಾರೂ ಅಲ್ಲ, ಎದುರಿಗೆ ಕಾಲಾಡಿಸುತ್ತ ಕುಳಿತಿದ್ದ ಈ ತಮ್ಮನೇ.

ಅದು ನಿಜವೋ ಸುಳ್ಳೋ ನೋಡಲು ವಿಮೆ ಕಂಪನಿ ಕಳಿಸಿದ್ದು ತಕ್ಕಡಿಯಮ್ಮನನ್ನು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ತಕ್ಕಡಿಗಳಿಗೆ ಮೊಹರು ಹಾಕಿದವಳು. ಮೇಲಿನವರೊಡನೆ ಜಗಳವಾಡಿ ಕೆಲಸ ಬಿಟ್ಟರೂ ಅಂಗಡಿಯವರು ಇಟ್ಟ ಹೆಸರು ಮಾತ್ರ ಅವಳನ್ನು ಬಿಡಲಿಲ್ಲ.

"ನೀವೇ ನೋಡಿ." ಸೂಪರ್‌ವೈಸರ್ ಪರದೆಯ ಮೇಲೆ ಬೆರಳಿನಿಂದ ಕುಟ್ಟಿದ. "ಪ್ರತಿ ಸಿಲಿಂಡರ್‌ಗೂ ಒಂದು ಸ್ಟಿಕ್ಕರ್, ಒಂದು ನಂಬರ್. ಒಳಗೆ ಬಂದಾಗ ಸ್ಕ್ಯಾನ್, ಹೊರಗೆ ಹೋದಾಗ ಸ್ಕ್ಯಾನ್. ಖಾಲಿ ಆಗಿ ವಾಪಸ್ ಬಂದ್ರೆ ತೂಕ ಹಾಕಿ, ತೂತು ಕೊರೆದು, ಗುಜರಿಗೆ. ನಿಮ್ಮ ಬೇಕರಿ ಸಿಲಿಂಡರ್ ಎರಡು ತಿಂಗಳ ಹಿಂದೆನೇ ಗುಜರಿಗೆ ಹೋಗಿದೆ. ಸಾಫ್ಟ್‌ವೇರ್ ಹೇಳ್ತಿದೆ, ನಾನಲ್ಲ."

"ಪೊಲೀಸರು ತೆಗೆದ ಫೋಟೋ ನೋಡಿದ್ರಾ? ವಾಲ್ವ್ ಹತ್ರ ಸಿಡಿದಿದೆ. ತಳ ಹಾಗೇ ಇದೆ. ಅದರಲ್ಲಿ ತೂತೇ ಇಲ್ಲ."

"ಮುಚ್ಚಿರ್ತಾನೆ. ಮೆಕ್ಯಾನಿಕ್ ತಾನೆ? ಬೆಸುಗೆ ಹಾಕೋದು ಅವನಿಗೆ ಹೇಳಿಕೊಡಬೇಕಾ?"

ಅವಳು ಗುಜರಿಗೆ ಹೋದ ಸಿಲಿಂಡರ್‌ಗಳ ಪಟ್ಟಿ ತೆರೆದು, ತೂಕದ ಸಾಲಿನ ಮೇಲೆ ಬೆರಳಿಟ್ಟು, ಮೇಲಿಂದ ಕೆಳಗೆ ಇಳಿಯತೊಡಗಿದಳು.

ಎರಡು ಕಿಲೋ ಎಂಟುನೂರ ನಲವತ್ಮೂರು ಗ್ರಾಂ. ಎರಡು ಕಿಲೋ ಎಂಟುನೂರ ಎಪ್ಪತ್ತೊಂದು. ಎಂಟುನೂರ ಅರವತ್ತಾರು. ಹೀಗೇ ನೂರಾರು. ಖಾಲಿಯಾಯಿತೆಂದು ತಂದ ಸಿಲಿಂಡರಿನಲ್ಲೂ ಚಿಟಿಕೆಯಷ್ಟು ಗ್ಯಾಸ್ ಉಳಿದಿರುತ್ತದೆ. ಒಂದರಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ.

ನಡುವೆ ಅಲ್ಲೊಂದು ಇಲ್ಲೊಂದು ಬೇರೆ ಥರದ ಸಾಲುಗಳಿದ್ದವು. ಎರಡು ಕಿಲೋ ಎಂಟುನೂರು. ಎರಡು ಕಿಲೋ ಎಂಟುನೂರು. ಮತ್ತೆ ಎರಡು ಕಿಲೋ ಎಂಟುನೂರು.

ಅವಳು ಎಣಿಸಿದಳು. ಹತ್ತೊಂಬತ್ತು.

"ಸಿಲಿಂಡರನ್ನ ತಕ್ಕಡಿ ಮೇಲೆ ಇಡದೇನೇ ಗುಂಡಿ ಒತ್ತಿದ್ರೆ ಸಾಫ್ಟ್‌ವೇರ್ ಏನು ಮಾಡುತ್ತೆ?"

ಅವನು ಕಾಲಾಡಿಸುವುದು ನಿಂತಿತು.

"ಕಾರ್ಖಾನೆಯವರು ಬರೆದಿರೋ ಬರೀ ಡಬ್ಬದ ತೂಕವನ್ನೇ ಹಾಕಿಬಿಡುತ್ತೆ, ಅಲ್ವಾ? ಎರಡು ಕಿಲೋ ಎಂಟುನೂರು. ನಾನು ಜೀವನವೆಲ್ಲ ತಕ್ಕಡಿ ನೋಡಿದ್ದೀನಿ, ಸೂಪರ್‌ವೈಸರೇ. ಹತ್ತೊಂಬತ್ತು ಸಿಲಿಂಡರ್ ಇಟ್ರೆ ಹತ್ತೊಂಬತ್ತು ಥರ ತೋರ್ಸುತ್ತೆ. ಇವು ತಕ್ಕಡಿ ಮುಖಾನೇ ನೋಡಿಲ್ಲ. ತೂತೂ ಬಿದ್ದಿಲ್ಲ, ಗುಜರಿಗೂ ಹೋಗಿಲ್ಲ."

"ಯಾರ ಲಾಗಿನ್ ಇದೆ, ಅದನ್ನೂ ಓದಿ." ಅವನ ಮುಖದಲ್ಲಿ ಸಣ್ಣ ನಗೆ ಕಾಣಿಸಿತು.

ಹತ್ತೊಂಬತ್ತು ಸಾಲುಗಳಿಗೂ ಇದ್ದದ್ದು ಸತ್ತ ಮೆಕ್ಯಾನಿಕ್‌ನ ಲಾಗಿನ್.

"ಈಗ ಅರ್ಥ ಆಯ್ತಾ? ನಿಮ್ಮ ಬಾಯಿಂದಾನೇ ಬಂತು. ಕಳ್ಳ ಯಾರು ಅಂತ ನೀವೇ ಹುಡುಕಿಕೊಟ್ರಿ."

ಹೊರಗೆ ಊಟದ ಗಂಟೆ ಬಾರಿಸಿತು. ಲೋಡರ್‌ಗಳು ಡಬ್ಬಿ ಎತ್ತಿಕೊಂಡು ಹೊರಟರು. ಕುರ್ಚಿಯ ಮೇಲಿದ್ದವನು ಎದ್ದು, ಅವಳತ್ತ ನೋಡಿಯೇ ನೆಲಕ್ಕೆ ಉಗಿದು ಹೋದ. ಎಲ್ಲರೂ ಮರೆಯಾಗುವ ತನಕ ಸೂಪರ್‌ವೈಸರ್ ಕಾದ. ಆಮೇಲೆ ಹೋಗಿ ಗೋಡೌನಿನ ಷಟರ್ ಎಳೆದು, ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿಕೊಂಡ. ಹಗಲು ಹನ್ನೆರಡೂಕಾಲು ಗಂಟೆಗೆ ಒಳಗೆ ಮಬ್ಬು ಕವಿಯಿತು. ಎತ್ತರದ ಕಿಂಡಿಗಳಿಂದ ಬಿದ್ದ ಬೆಳಕಿನಲ್ಲಿ ಸಾಲು ಸಾಲು ಸಿಲಿಂಡರ್‌ಗಳು ತೆಪ್ಪಗೆ ನಿಂತಿದ್ದವು.

"ಈಗ ಮಾತಾಡೋಣ," ಎಂದ. "ಇಲ್ಲಿಗೇ ಬಿಟ್ಟುಬಿಡಿ. ನಿಮ್ಮ ವಯಸ್ಸಿಗೆ ಇದೆಲ್ಲ ಬೇಡ."

ತಕ್ಕಡಿಯಮ್ಮ ಹೋಗಿ ಅವನ ಖಾಲಿ ಕುರ್ಚಿಯಲ್ಲಿ ಕುಳಿತಳು. ಪರದೆಯನ್ನು ತನ್ನತ್ತ ತಿರುಗಿಸಿಕೊಂಡಳು.

"ಹೋದ ತಿಂಗಳು ಏಳನೇ ತಾರೀಖು, ಹನ್ನೊಂದು ಐವತ್ತೆರಡಕ್ಕೆ, ನಿಮ್ಮಣ್ಣ ಇಲ್ಲಿ ಕೂತು ಈ ಹತ್ತೊಂಬತ್ತರಲ್ಲಿ ಒಂದನ್ನ ವಾಪಸ್ ತಗೊಂಡ್ರು ಅಂತ ಇದೆ. ಅದೇ ಹನ್ನೊಂದು ಐವತ್ತೆರಡಕ್ಕೆ ಊರಿನ ಆ ತುದೀಲಿ, ಮೀನಂಗಡಿ ಫ್ರೀಜರ್ ಹತ್ರ, ಅಂಗಡಿಯವರ ಸಹಿ ತಗೊಂಡಿದ್ದಾರೆ. ಅವರಿಗೆ ರೆಕ್ಕೆ ಇತ್ತಾ?"

"ಗಡಿಯಾರ ಹಿಂದೆ ಮುಂದೆ ಇರುತ್ತೆ."

"ಇರಲಿ. ಅವರ ಪಾಸ್‌ವರ್ಡ್ ಅವರ ಲಾಕರ್ ಬಾಗಿಲ ಒಳಗೇ ಸೀಮೆಸುಣ್ಣದಲ್ಲಿ ಬರೆದಿದೆ. ಬೆಳಿಗ್ಗೆ ನಾನೇ ಓದಿದೆ. ಅದೂ ಇರಲಿ. ಈ ಪುಟವನ್ನ ನೀವು ಎಂದಾದ್ರೂ ತೆರೆದಿದ್ದೀರಾ?"

ಅವಳು ಪರದೆಯ ಮೂಲೆಯಲ್ಲಿದ್ದ ಸಣ್ಣ ಗುರುತನ್ನು ಒತ್ತಿದಳು. 'ತಿರಸ್ಕೃತ ಸ್ಕ್ಯಾನ್‌ಗಳು' ಎಂಬ ಪಟ್ಟಿ ತೆರೆದುಕೊಂಡಿತು. ಗುಜರಿಗೆ ಹೋಯಿತೆಂದು ದಾಖಲಾದ ಸಿಲಿಂಡರನ್ನು ಯಾರಾದರೂ ಮತ್ತೆ ಸ್ಕ್ಯಾನ್ ಮಾಡಿದರೆ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಒಪ್ಪದಿದ್ದರೂ ಮರೆಯುವುದಿಲ್ಲ. ಯಾವ ಸಿಲಿಂಡರ್, ಯಾವ ಜಾಗ, ಯಾವ ಮೆಕ್ಯಾನಿಕ್ ಎಂಬುದನ್ನು ಇಲ್ಲಿ ಗುಡ್ಡೆ ಹಾಕುತ್ತದೆ.

ಅದರಲ್ಲೂ ಹತ್ತೊಂಬತ್ತು ಸಾಲು. ಅವೇ ನಂಬರ್‌ಗಳು. ಬೇಕರಿ, ಹೂವಿನ ಅಂಗಡಿ, ಎರಡು ಶಾಲೆಗಳ ಅಡುಗೆಮನೆ, ಹೆರಿಗೆ ಆಸ್ಪತ್ರೆಯ ಔಷಧಿ ಕೋಣೆ.

"ಒಂದು ಸಿಡಿದಿದೆ. ಹದಿನೆಂಟು ಕಡೆ ಇನ್ನೂ ಸಿಡಿದಿಲ್ಲ," ಎಂದಳು. "ನಿಮ್ಮಣ್ಣ ಇದರಲ್ಲಿ ಏಳು ಸಿಲಿಂಡರನ್ನ ಸ್ಕ್ಯಾನ್ ಮಾಡಿದ್ದಾರೆ. ಕಳ್ಳಮಾಲು ತಂದೋನು ಅದನ್ನ ಕಂಪನಿ ಸಾಫ್ಟ್‌ವೇರಿಗೆ ತಾನೇ ತೋರಿಸ್ತಾನಾ? ಪ್ರತಿ ಸಲ ಕೆಳಗೆ ಒಂದು ಸಾಲು ಬರೆದಿದ್ದಾರೆ, ಓದಲಾ? 'ಬಣ್ಣ ಹೊಸದಾಗಿದೆ, ನೋಡಿ.' 'ಇದೂ ಹಾಗೇ ಇದೆ.' ಕೊನೇದು, ಸಾಯೋ ದಿನದ್ದು: 'ಯಾರೂ ನೋಡೋಲ್ವಾ?'"

ಸೂಪರ್‌ವೈಸರ್ ಗೋಡೆಯತ್ತ ತಿರುಗಿದ.

"ಅನುಮಾನ ಇದ್ದೋರು ಆ ಸಿಲಿಂಡರ್ ಯಾಕೆ ಬಳಸಿದ್ರು ಅಂತ ನಾನೂ ತಲೆ ಕೆಡಿಸ್ಕೊಂಡೆ. ನಿನ್ನೆ ಬೇಕರಿಯವರು ಹೇಳಿದ್ರು. ಕೆಲಸ ಶುರು ಮಾಡೋ ಮುಂಚೆ ಯಾರಿಗೋ ಫೋನ್ ಮಾಡಿ ಕೇಳಿದ್ರಂತೆ. ಕೊನೆಗೆ 'ಸರಿ ಕಣೋ, ನೀನು ಹೇಳಿದ ಮೇಲೆ' ಅಂತ ಇಟ್ಟರಂತೆ. ಮಾಲೀಕರಿಗೆ 'ಸಾರ್' ಅಂತಿದ್ರು. ಜೊತೆ ಕೆಲಸದವರಿಗೆಲ್ಲ 'ರೀ' ಅಂತಿದ್ರು. ಈ ಕಂಪನೀಲಿ ಅವರು 'ಕಣೋ' ಅನ್ನೋ ಮನುಷ್ಯ ಎಷ್ಟು ಜನ ಇದ್ದಾರೆ?"

ಅವನು ಗಿರಕ್ಕನೆ ತಿರುಗಿ ಮೇಜಿಗೆ ಗುದ್ದಿದ. ಪೆನ್ನಿನ ಡಬ್ಬಿ ಉರುಳಿತು.

"ನನಗೆ ಗೊತ್ತಿರ್ಲಿಲ್ಲ! ಅದು ಬೆಂಕಿ ಹತ್ತೋ ಗ್ಯಾಸ್ ಅಂತ ದೇವರಾಣೆಗೂ ಗೊತ್ತಿರ್ಲಿಲ್ಲ. ಅಗ್ಗದ್ದು, ಸ್ವಲ್ಪ ಕಮ್ಮಿ ತಂಪು ಮಾಡುತ್ತೆ, ಅಷ್ಟೇ ಅಂದಿದ್ರು."

"ಯಾರು ಅಂದಿದ್ರು?"

ಅವನಿಗೆ, ಹೇಳಬಾರದ್ದನ್ನು ಹೇಳಿದ್ದೇನೆಂದು ಆಗಷ್ಟೇ ಹೊಳೆದಿತ್ತು.

"ಅಣ್ಣ ಸತ್ತ ಮೇಲೂ ಕಳ್ಳ ಅಂತ ಬರ್ಕೊಟ್ಯಲ್ಲ," ಎಂದಳು. ಇಷ್ಟು ಹೊತ್ತು ಇದ್ದ 'ನೀವು' ಅವಳಿಗೇ ತಿಳಿಯದೆ ಬಿದ್ದುಹೋಗಿತ್ತು. "ಹೇಗೆ ಕೈ ಬಂತು ನಿನಗೆ?"

"ಬಾಯಿ ಮುಚ್ಚು ಮುದುಕಿ! ನಿನ್ನನ್ನ ಇಲ್ಲೇ..." ಅವನು ಮೇಜು ಸುತ್ತಿ ಬಂದ.

ಆಗ ಗೋಡೌನಿನ ಒಳಗಿಂದ ಸಣ್ಣ ಸದ್ದು ಬಂತು. ಪೀಪ್.

ಇಬ್ಬರೂ ಅತ್ತ ತಿರುಗಿದರು.

ಪರದೆಯ ಮೇಲೆ, ತಿರಸ್ಕೃತ ಪಟ್ಟಿಯಲ್ಲಿ, ಮೊದಲ ಸಾಲು ಮಾಯವಾಯಿತು.

ಪೀಪ್. ಎರಡನೆಯದು. ಹೂವಿನ ಅಂಗಡಿ ಹೋಯಿತು.

ಪೀಪ್. ಒಂದು ಶಾಲೆ ಹೋಯಿತು.

ತಕ್ಕಡಿಯಮ್ಮ ಗಡಬಡಿಸಿ ಫೋನ್ ತೆಗೆದು ಪರದೆಯ ಫೋಟೋ ಹೊಡೆದಳು. ಅದು ಮಸಕಾಗಿ ಬಂತು. ಮತ್ತೆ ಹೊಡೆಯುವಷ್ಟರಲ್ಲಿ ಇನ್ನೂ ಎರಡು ಸಾಲು ಹೋಗಿದ್ದವು. "ನಿಲ್ಸೋಕೆ ಹೇಳು! ಅಲ್ಲಿ ಯಾರನ್ನ ಕೂರಿಸಿದ್ದೀಯ?"

"ನಾನು ಯಾರನ್ನೂ ಕೂರಿಸಿಲ್ಲ." ಅವನು ಪರದೆಗೆ ಬಾಗಿದ. ಸಾಲಿನ ಕೊನೆಯಲ್ಲಿ ಸ್ಕ್ಯಾನರಿನ ನಂಬರ್ ಮಿನುಗುತ್ತಿತ್ತು: ಆರು. "ಆರನೇದು ಅಣ್ಣಂದು. ಅವನು ಹೋದ ಮೇಲೆ, ಈ ಗೋಡೌನ್ ಬಿಟ್ರೆ ಬೇರೆಲ್ಲೂ ಇದಕ್ಕೆ ಸಿಗ್ನಲ್ ಸಿಗದ ಹಾಗೆ ಮಾಡಿದ್ದೆ. ಒಳಗೇ ಇದ್ದಾರೆ ಯಾರೋ."

ಅವಳು ಕಾಯಲಿಲ್ಲ. ಸದ್ದು ಬಂದ ದಿಕ್ಕಿಗೆ ನಡೆದಳು. ಅವನು ಹಿಂದೆಯೇ ಬಂದ. ನಾಲ್ಕನೇ ಸಾಲಿನ ಕೊನೆಯಲ್ಲಿ, ಕಿಂಡಿಯ ಬೆಳಕಿನ ಕೆಳಗೆ, ಒಬ್ಬ ಹೆಂಗಸು ಸಿಲಿಂಡರ್‌ಗಳ ನಡುವೆ ನೆಲದ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ನೋಟ್‌ಬುಕ್, ಕೈಯಲ್ಲಿ ಸ್ಕ್ಯಾನರ್.

"ಅತ್ತಿಗೆ!" ಎಂದ ಸೂಪರ್‌ವೈಸರ್.

ತಕ್ಕಡಿಯಮ್ಮನಿಗೂ ಅವಳ ಗುರುತು ಸಿಕ್ಕಿತು. ಸತ್ತವನ ಹೆಂಡತಿ. ಮೊನ್ನೆ ಇದೇ ಹೆಂಗಸು ಕಣ್ಣೀರು ಹಾಕದೆ ಕೇಳಿದ್ದು ಒಂದೇ ಮಾತು: 'ಅವರು ಕಳ್ಳರಲ್ಲ ಅಂತ ಬರೆದುಕೊಡಿ ಅಕ್ಕ, ಬೇರೇನೂ ಬೇಡ.' ಗಂಡ ಕಳ್ಳನಲ್ಲವೆಂದು ಹೇಳುವ ಪಟ್ಟಿಯನ್ನು ಈಗ ಅವಳೇ ಅಳಿಸುತ್ತಿದ್ದಾಳೆ.

"ಇಡು ಕೆಳಗೆ," ಎಂದಳು ತಕ್ಕಡಿಯಮ್ಮ. "ಹದಿನೆಂಟು ಕಡೆ ಜನ ಸಾಯ್ತಾರೆ. ಅಳಿಸಬೇಡ."

"ಅಳಿಸ್ತಿಲ್ಲ ಅಕ್ಕ. ಇಲ್ಲಿ ಒತ್ತಿದ್ರೆ ಆ ಸಾಲು ಪಕ್ಕದ ಪುಟಕ್ಕೆ ಹೋಗುತ್ತೆ, ಅಷ್ಟೇ. ಸಿಲಿಂಡರ್ ಎಲ್ಲಿಗೆ ಹೋಗಿದೆ ಅಂತ ಇದರಲ್ಲಿ ತೋರ್ಸುತ್ತೆ, ನಾನು ಬರ್ಕೊಳ್ತಿದ್ದೀನಿ. ಬೆಳಿಗ್ಗೆ ಷಟರ್ ತೆಗೆದಾಗಲೇ ಅವರ ಸ್ಕ್ಯಾನರ್ ಹಿಡ್ಕೊಂಡು ಒಳಗೆ ಬಂದೆ." ಅವಳು ನೋಟ್‌ಬುಕ್ ಎತ್ತಿ ಹಿಡಿದಳು. ಪುಟದ ತುಂಬ ಅಂಟಿಸಿದ ಸ್ಟಿಕ್ಕರ್‌ಗಳ ಎರಡನೇ ಪ್ರತಿಗಳು, ಪಕ್ಕದಲ್ಲಿ ಗುಂಡಗಿನ ಅಕ್ಷರಗಳಲ್ಲಿ ವಿಳಾಸಗಳು. "ಇವುಗಳಿಗೆ ಬಣ್ಣ ಬಳಿದು ಸ್ಟಿಕ್ಕರ್ ಅಂಟಿಸಿದ್ದು ನಾನೇ."

ಅವಳ ದನಿ ಏರಲಿಲ್ಲ, ಇಳಿಯಲಿಲ್ಲ.

"ಕಂಪನಿ ಕೆಲಸ ಅಂತ ಇವನು ಕೊಟ್ಟ. ಪಕ್ಕದ ಬೀದಿ ಶೆಡ್‌ನಲ್ಲಿ ಕೂತು ಮಾಡ್ತಿದ್ದೆ. ಅಣ್ಣನಿಗೆ ಹೇಳ್ಬೇಡಿ ಅತ್ತಿಗೆ, ಬೇಜಾರು ಮಾಡ್ಕೊಳ್ತಾರೆ ಅಂದ. ಹೇಳಲಿಲ್ಲ. ಪೊಲೀಸರು ತೋರಿಸಿದ ಫೋಟೋದಲ್ಲಿ ಸಿಲಿಂಡರ್ ತಳದಲ್ಲಿ ನನ್ನ ಹೆಬ್ಬೆಟ್ಟಿನ ಗುರುತಿತ್ತು. ಬಣ್ಣ ಒಣಗೋ ಮುಂಚೆ ಎತ್ತಿಟ್ಟಿದ್ದೆ."

ಸೂಪರ್‌ವೈಸರ್ ಅಲ್ಲೇ ಕುಕ್ಕರಿಸಿದ. ಅವಳು ಅವನ ಕಡೆ ನೋಡಿದ ರೀತಿಗೆ ತಕ್ಕಡಿಯಮ್ಮನೇ ಒಂದು ಹೆಜ್ಜೆ ಹಿಂದಿಟ್ಟಳು.

"ನೀನು ಅಳಬೇಡ. ನನ್ನ ಮುಂದೆ ಅಳೋ ಯೋಗ್ಯತೆ ನಿನಗಿಲ್ಲ. ಹೇಳು, ಇಪ್ಪತ್ತನೇದು ಎಲ್ಲಿ?"

"ಇಪ್ಪತ್ತಾ?" ಅವನು ತಲೆಯೆತ್ತಿದ. "ನಾನು ಕೊಟ್ಟದ್ದು ಹತ್ತೊಂಬತ್ತೇ, ಅತ್ತಿಗೆ. ಅಣ್ಣ ಹೋದ ಮೇಲೆ ಒಂದೂ ಮುಟ್ಟಿಲ್ಲ."

"ನಿನ್ನೆ ಸಂಜೆ ಶೆಡ್ ಬಾಗಿಲಲ್ಲಿ ಇನ್ನೊಂದು ಇಟ್ಟು ಹೋಗಿದ್ರು. ಬಣ್ಣ, ಸ್ಟಿಕ್ಕರ್ ಎಲ್ಲಾ ಆಗಿತ್ತು. ನಾನು ಹತ್ತಿರ ಹೋಗದೆ ಫೋಟೋ ಮಾತ್ರ ತಗೊಂಡೆ. ಬೆಳಿಗ್ಗೆ ನೋಡಿದ್ರೆ ಇಲ್ಲ."

ತಕ್ಕಡಿಯಮ್ಮ ಅವಳ ಫೋನಿಗಾಗಿ ಕೈ ಚಾಚಿದಳು. ಫೋಟೋದಲ್ಲಿದ್ದ ಸ್ಟಿಕ್ಕರಿಗೆ ಹೆಂಗಸು ಸ್ಕ್ಯಾನರ್ ಹಿಡಿದಳು. ಪೀಪ್.

ಈ ಸಲ 'ತಿರಸ್ಕೃತ' ಎಂದು ಬರಲಿಲ್ಲ. ಹಸಿರು ದೀಪ ಹತ್ತಿತು. ಚಾಲ್ತಿಯಲ್ಲಿದೆ. ಗೋಡೌನಿನಿಂದ ಹೊರಗೆ ಹೋದದ್ದು ಇಂದು ಬೆಳಿಗ್ಗೆ ಒಂಬತ್ತು ಹತ್ತಕ್ಕೆ.

"ಒಂಬತ್ತು ಹತ್ತಕ್ಕೆ ನೀನು ನನ್ನೆದುರು ಕೂತಿದ್ದೆ," ಎಂದಳು ತಕ್ಕಡಿಯಮ್ಮ ನಿಧಾನವಾಗಿ.

"ಇದು ನಾನಲ್ಲ." ಅವನು ಸ್ಕ್ಯಾನರಿನ ಪುಟ್ಟ ಪರದೆಗೆ ಮುಖ ತಂದ. "ಗುಜರಿಗೆ ಹೋದ ನಂಬರನ್ನ ಮತ್ತೆ ಚಾಲ್ತಿಗೆ ತರೋ ಅಧಿಕಾರ ನನ್ನ ಲಾಗಿನ್‌ಗೆ ಇಲ್ಲ. ಅದಕ್ಕೇ ಆ ಹತ್ತೊಂಬತ್ತೂ ತಿರಸ್ಕೃತ ಆಗಿದ್ದು. ಇದನ್ನ ಮಾಡಿರೋರು ಮೇಲಿನೋರು."

"ಮೇಲೆ ಅಂದ್ರೆ ಯಾರು?"

ಅವನು ಹೇಳಲು ಬಾಯಿ ತೆರೆದ. ಆದರೆ ಅವಳ ಕಣ್ಣು ಅಷ್ಟರಲ್ಲಿ ಕೆಳಗಿನ ಸಾಲಿಗೆ ಹೋಗಿತ್ತು. ಕಳಿಸಿದ ಜಾಗ. ಮನೆ ಫ್ರಿಜ್ ದುರಸ್ತಿ. ಮನೆ ನಂಬರ್, ಅಡ್ಡರಸ್ತೆ, ಎರಡನೇ ಮಹಡಿ, ನೀಲಿ ಬಾಗಿಲು.

ಅದು ಅವಳದೇ ಮನೆ.

ಅಲ್ಲಿ ಈ ಹೊತ್ತಿಗೆ ಅವಳ ಅಕ್ಕ ಒಬ್ಬಳೇ ಇರುತ್ತಾಳೆ. ತಕ್ಕಡಿಯಮ್ಮ ಮನೆಗೆ ಫೋನ್ ಮಾಡಿದಳು. ಐದಾರು ಸಲ ರಿಂಗಾದ ಮೇಲೆ ಅಕ್ಕ ಎತ್ತಿದಳು.

"ಎಷ್ಟು ದಿನದಿಂದ ಹೇಳ್ತಿದ್ದೆ, ಇವತ್ತಾದ್ರೂ ನೆನಪಾಯ್ತಲ್ಲ ನಿನಗೆ!" ಎಂದಳು ಅಕ್ಕ ಸಂತೋಷದಿಂದ. "ನೀನು ಕಳ್ಸಿದ ಮೆಕ್ಯಾನಿಕ್ ಬಂದ ಕಣೆ. ಆಗಲೇ ಫ್ರಿಜ್ ಹಿಂದೆ ಕೂತಿದ್ದಾನೆ. ಕಿಟಕಿ ಎಲ್ಲಾ ಮುಚ್ಚಿ ಅಂದ, ಮುಚ್ಚಿದ್ದೀನಿ."

"ಅಕ್ಕ, ಮಾತಾಡ್ಬೇಡ. ಚಪ್ಪಲಿ ಕೂಡ ಹಾಕ್ಕೋಬೇಡ. ಬಾಗಿಲು ತೆಗೆದು ಕೆಳಗೆ ಇಳಿದು ಹೋಗು. ಈಗಲೇ."

"ಏನಂದೆ? ಸರಿಯಾಗಿ ಕೇಳಿಸ್ತಿಲ್ಲ. ತಾಳು, ಇವನೇ ನಿನ್ನ ಹತ್ರ ಏನೋ ಮಾತಾಡಬೇಕಂತೆ. ಕೊಡ್ತೀನಿ."

ಫೋನ್ ಕೈ ಬದಲಾಯಿತು. ಆ ಕಡೆ ಯಾರೋ ನಿಧಾನವಾಗಿ ಉಸಿರಾಡುವುದು ಕೇಳಿಸಿತು. ಅದರ ಹಿಂದೆ, ಒಂದೇ ಸಮನೆ, ಗ್ಯಾಸ್ ಸೋರುವ ಸದ್ದು.

"ತಕ್ಕಡಿಯಮ್ಮ," ಎಂದಿತು ಗಂಡಸಿನ ದನಿ. "ಆ ಹತ್ತೊಂಬತ್ತು ಸಾಲು ಅಳಿಸಿಬಿಡಿ. ಸೂಪರ್‌ವೈಸರ್ ಲಾಗಿನ್‌ನಿಂದಲೇ ಅಳಿಸಿ, ಅವನ ಹೆಸರೇ ಇರಲಿ. ನಾನು ಇಲ್ಲಿಂದಲೇ ನೋಡ್ತಾ ಇರ್ತೀನಿ. ಅಲ್ಲಿವರೆಗೂ ಟಾರ್ಚ್ ಹಚ್ಚೋಲ್ಲ."